ಪಾತ್ರೆ ಮೇಲಿನ ಹೆಸರು

ಕಳೆದ ವರ್ಷ ದೀಪಾವಳಿ ರಜೆಗೆ ಚಿಕ್ಕಮ್ಮನ ಮಗಳು ಅರಸೀಕೆರೆಯಿಂದ ನಮ್ಮನೆಗೆ ಬಂದಿದ್ದಳು. ಬಿಸಿಎ ಎರಡನೇ ವರ್ಷ. ಹತ್ತನೇ ಕ್ಲಾಸಿನವರೆಗೆ ಓದಿದ್ದೆಲ್ಲ ಕನ್ನಡ ಮೀಡಿಯಂ. ರಾತ್ರಿ ಊಟ ಮುಗಿದು ಎಲ್ಲರೂ ಮಲಗಿದ ಮೇಲೆ ಲ್ಯಾಪ್‌ಟಾಪ್ ಹಿಡ್ಕೊಂಡು ಬಂದು ಪಕ್ಕದಲ್ಲಿ ಕೂತಳು.

"ಅಕ್ಕಾ, ಬೈಬೇಡ. ಇಂಟರ್ನಲ್ಸ್‌ನಲ್ಲಿ ಪೈಥಾನ್ ಹೋಯ್ತು. ನಂಗಿದು ತಲೆಗೆ ಹತ್ತಲ್ಲ. ಬಿ.ಕಾಂಗೆ ಹೋಗ್ಬಿಡ್ತೀನಿ ಅಂತ ಅಮ್ಮಂಗೆ ಹೇಳಾಯ್ತು."

ಎಲ್ಲಿ ಎಡವಿದೆ ತೋರಿಸು ಅಂದೆ. ಮೂರೇ ಸಾಲಿನ ಪ್ರಶ್ನೆ. ಹೆಸರುಗಳನ್ನು ಮಾತ್ರ ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ:

ತಿಂಡಿ = ["ಇಡ್ಲಿ", "ವಡೆ"]
ನಾಳೆ = ತಿಂಡಿ
ನಾಳೆ[0] = "ದೋಸೆ"

(ತಮಾಷೆಗೆ ಬರೆದದ್ದಲ್ಲ. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3.0ರಿಂದ ಈಚೆಗೆ ವೇರಿಯಬಲ್‌ಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ಮೇಲಿನ ಮೂರು ಸಾಲು ಇದ್ದ ಹಾಗೇ ಓಡುತ್ತವೆ. ಬೇಕಾದರೆ ಪ್ರಯತ್ನಿಸಿ ನೋಡಿ.)

ಈಗ ತಿಂಡಿಯಲ್ಲಿ ಏನಿದೆ? ಅವಳು ಬರೆದ ಉತ್ತರ: ಇಡ್ಲಿ, ವಡೆ. ಪೈಥಾನ್ ಕೊಡುವ ಉತ್ತರ: ದೋಸೆ, ವಡೆ.

"ನಾಳೇದನ್ನ ಬದಲಾಯಿಸಿದ್ರೆ ಇವತ್ತಿಂದು ಹೆಂಗಕ್ಕಾ ಬದಲಾಗತ್ತೆ?"

ನ್ಯಾಯವಾದ ಪ್ರಶ್ನೆ. ಇದನ್ನೇ ಕ್ಲಾಸಿನಲ್ಲಿ ಕೇಳಿದಾಗ "ಅದು ರೆಫರೆನ್ಸು, ಬರ್ಕೋ" ಅಂದರಂತೆ. ಅವಳ ನೋಟ್ಸಿನ ಮೊದಲ ಪುಟ ತಿರುವಿದೆ. ಒಂದು ಚೌಕ, ಒಳಗೆ 5, ಪಕ್ಕದಲ್ಲಿ ಬಾಣ ಹಾಕಿ ಬರೆದಿದ್ದಳು: ವೇರಿಯಬಲ್ ಅಂದರೆ ಬೆಲೆಯನ್ನು ಇಡುವ ಡಬ್ಬಿ. ನಾನೂ ಇಪ್ಪತ್ತು ವರ್ಷದ ಹಿಂದೆ ಇದೇ ಚಿತ್ರ ಬರೆದುಕೊಂಡಿದ್ದೆ. ನೀವೂ ಬರೆದುಕೊಂಡಿರುತ್ತೀರಿ.

ಆ ಚಿತ್ರವನ್ನು ನಂಬಿದರೆ ಅವಳ ಉತ್ತರವೇ ಸರಿ. ತಿಂಡಿ ಒಂದು ಡಬ್ಬಿ, ನಾಳೆ ಇನ್ನೊಂದು ಡಬ್ಬಿ. ಒಂದರಲ್ಲಿದ್ದದ್ದನ್ನು ಇನ್ನೊಂದಕ್ಕೂ ಹಾಕಿದೆವು. ಎರಡನೆಯದಕ್ಕೆ ಕೈಹಾಕಿದರೆ ಮೊದಲನೆಯದು ಯಾಕೆ ಅಲುಗಾಡಬೇಕು? ಹುಡುಗಿ ಪಾಠವನ್ನು ಸರಿಯಾಗಿಯೇ ಕಲಿತಿದ್ದಳು. ಪಾಠದ ಚಿತ್ರ ಮಾತ್ರ ಬೇರೆ ಕಾಲದ್ದು. ಅದು ಎಲ್ಲಿಂದ ಬಂತು, ಪೈಥಾನಿಗೆ ಯಾಕೆ ಹೊಂದಲ್ಲ ಅಂತ ಹೇಳಲು ಹೊರಟು, ಆ ರಾತ್ರಿ ಒಂದು ಗಂಟೆಯವರೆಗೆ ಕೂತೆವು. ಅದರ ಸಾರ ಇದು.

ಕೆತ್ತಿದ ಹೆಸರು

ನಮ್ಮಲ್ಲಿ ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ಡಬ್ಬಿ ಕೊಂಡರೆ ಮೇಲೆ ಹೆಸರು ಕೆತ್ತಿಸುವ ರೂಢಿ ಗೊತ್ತಲ್ಲ. ಅಂಗಡಿಯವನು ಪುಟ್ಟ ಮಷೀನು ಹಿಡಿದು ಟರ್ರ್ ಅಂತ ಅಜ್ಜಿಯ ಹೆಸರನ್ನೋ ಮದುವೆ ತಾರೀಖನ್ನೋ ಕೊರೆದು ಕೊಡುತ್ತಾನೆ. ಆಮೇಲೆ ಅದರಲ್ಲಿ ಸಕ್ಕರೆ ತುಂಬಿ, ಖಾಲಿ ಮಾಡಿ, ರವೆ ತುಂಬಿ, ಹೆಸರು ಮಾತ್ರ ಡಬ್ಬಿಯನ್ನು ಬಿಟ್ಟು ಹೋಗಲ್ಲ. ಆ ಹೆಸರು ಒಂದೇ ಡಬ್ಬಿಗೆ, ಆ ಡಬ್ಬಿಗೆ ಒಂದೇ ಹೆಸರು.

1957ರಲ್ಲಿ ಐಬಿಎಂನಲ್ಲಿ ಜಾನ್ ಬ್ಯಾಕಸ್ ಮತ್ತು ಅವರ ತಂಡ ಐಬಿಎಂ 704 ಯಂತ್ರಕ್ಕಾಗಿ ಹೊರತಂದ ಫೋರ್ಟ್ರಾನ್ ಭಾಷೆಯಲ್ಲಿ ವೇರಿಯಬಲ್ ಅಂದರೆ ಹೆಚ್ಚುಕಮ್ಮಿ ಇದೇ. ಯಂತ್ರದ ಮೆಮೊರಿಯಲ್ಲಿ ಸಾಲಾಗಿ ಮನೆಗಳು, ಪ್ರತಿ ಮನೆಗೂ ಒಂದು ನಂಬರು. ಆ ನಂಬರುಗಳನ್ನು ನೆನಪಿಟ್ಟುಕೊಳ್ಳುವ ಕಷ್ಟ ತಪ್ಪಲಿ ಅಂತ ಮನೆಗೊಂದು ಹೆಸರು ಕೊಟ್ಟರು. ಹೆಸರು ಯಾವ ಮನೆಯದು ಅನ್ನುವುದನ್ನು ಕಂಪೈಲರ್ ಮೊದಲೇ ಗೊತ್ತುಮಾಡಿಬಿಡುತ್ತಿತ್ತು. = ಚಿಹ್ನೆಯ ಅರ್ಥ: ಬಲಗಡೆಯದನ್ನು ಲೆಕ್ಕ ಹಾಕು, ಎಡಗಡೆಯ ಮನೆಯೊಳಗೆ ಇಡು. ಗಣಿತದ ಸಮ ಚಿಹ್ನೆಗೂ ಇದಕ್ಕೂ ಸಂಬಂಧವಿಲ್ಲ. ಈ ಗೊಂದಲ ಬೇಡ ಅಂತಲೇ ಮುಂದೆ ಬಂದ ಆಲ್ಗಾಲ್ ಭಾಷೆಯವರು := ಅಂತ ಬೇರೆ ಚಿಹ್ನೆ ಬಳಸಿದರು.

ಡಬ್ಬಿಯ ಚಿತ್ರ ಅವತ್ತು ಸುಳ್ಳಾಗಿರಲಿಲ್ಲ. ಯಂತ್ರದೊಳಗೆ ನಿಜವಾಗಿಯೂ ಆಗುತ್ತಿದ್ದದ್ದು ಹಾಗೇ.

ಆದರೂ ಆ ಕಾಲದಲ್ಲೇ ಒಂದು ವಿಚಿತ್ರ ಕಂಡಿತ್ತು. ಫೋರ್ಟ್ರಾನ್‌ನಲ್ಲಿ ಒಂದು ಸಬ್‌ರೂಟೀನಿಗೆ ಏನನ್ನಾದರೂ ಕೊಟ್ಟರೆ, ಸಾಮಾನ್ಯವಾಗಿ ಹೋಗುತ್ತಿದ್ದದ್ದು ಬೆಲೆ ಅಲ್ಲ, ಅದು ಇರುವ ಮನೆಯ ವಿಳಾಸ. 4 ಅನ್ನುವ ಅಂಕಿಯನ್ನೇ ಕೊಟ್ಟರೆ? ಅದೂ ಎಲ್ಲೋ ಒಂದು ಮನೆಯಲ್ಲಿ ಕೂತಿರುತ್ತದಲ್ಲ, ಆ ಮನೆಯ ವಿಳಾಸವೇ ಹೋಗುತ್ತಿತ್ತು. ಸಬ್‌ರೂಟೀನು ಅಲ್ಲಿಗೆ 5 ಬರೆದುಬಿಟ್ಟರೆ, ಕೆಲವು ಹಳೆಯ ಕಂಪೈಲರ್‌ಗಳಲ್ಲಿ ಆಮೇಲೆ ಪ್ರೋಗ್ರಾಮಿನಲ್ಲಿ 4 ಅಂತ ಬರೆದ ಕಡೆಯೆಲ್ಲ 5 ಆಗುತ್ತಿತ್ತು! ಒಂದೇ ಜಾಗಕ್ಕೆ ಎರಡು ದಾರಿ, ಒಂದು ದಾರಿಯಲ್ಲಿ ಬಂದವರು ಮಾಡಿದ್ದು ಇನ್ನೊಂದು ದಾರಿಯಲ್ಲಿ ಬಂದವರಿಗೆ ಕಾಣುತ್ತದೆ. ಇದನ್ನೇ ಏಲಿಯಾಸಿಂಗ್ ಅನ್ನುತ್ತಾರೆ. ನನ್ನ ತಂಗಿ ಸಿಕ್ಕಿಬಿದ್ದ ಹಳ್ಳ ಅವಳು ಹುಟ್ಟುವ ಎಷ್ಟೋ ಮುಂಚಿನದು.

ದಾರ ಕಟ್ಟಿದ ಚೀಟಿ

ಫೋರ್ಟ್ರಾನಿನ ಬೆನ್ನಿಗೇ, ಅದೇ 704 ಯಂತ್ರದ ಮೇಲೆ, ಎಂಐಟಿಯಲ್ಲಿ ಜಾನ್ ಮೆಕಾರ್ಥಿ ಬೇರೆಯದೇ ಒಂದು ಭಾಷೆ ಕಟ್ಟುತ್ತಿದ್ದರು. 1958ರಲ್ಲಿ ಶುರು, 1960ರಲ್ಲಿ ಲೇಖನ. ಅದು ಲಿಸ್ಪ್. ಅವರಿಗೆ ಬೇಕಿದ್ದದ್ದು ಅಂಕಿಗಳ ಲೆಕ್ಕಕ್ಕಿಂತ ಹೆಚ್ಚಾಗಿ ಪಟ್ಟಿಗಳು. ಪಟ್ಟಿ ಎಷ್ಟು ಉದ್ದ ಬೆಳೆಯುತ್ತದೆ ಅಂತ ಮೊದಲೇ ಹೇಳುವುದು ಹೇಗೆ? ಹೆಸರು ಕೆತ್ತಿದ ಡಬ್ಬಿ ಅದಕ್ಕೆ ಸಾಲದು. ಹಾಗಾಗಿ ಪುಟ್ಟಪುಟ್ಟ ಕೋಶಗಳು, ಪ್ರತಿ ಕೋಶದಲ್ಲೂ ಮುಂದಿನ ಕೋಶದ ವಿಳಾಸ. ಹೂವಿನ ಮಾಲೆಯ ಹಾಗೆ. ಒಂದೇ ಮಾಲೆಯ ಬಾಲವನ್ನು ಎರಡು ಮಾಲೆಗಳು ಹಂಚಿಕೊಳ್ಳಬಹುದು. ಹೆಸರು ಅನ್ನುವುದು ಮಾಲೆಯ ತುದಿಗೆ ಕಟ್ಟಿದ ಚೀಟಿ, ಅಷ್ಟೆ.

ಚೀಟಿ ಬಿಚ್ಚಿ ಇನ್ನೊಂದಕ್ಕೆ ಕಟ್ಟಬಹುದು. ಒಂದೇ ವಸ್ತುವಿಗೆ ಹತ್ತು ಚೀಟಿ ಕಟ್ಟಬಹುದು. ಯಾವ ಚೀಟಿಯೂ ಇಲ್ಲದ, ಯಾರಿಗೂ ಬೇಡವಾದ ಕೋಶಗಳನ್ನು ಏನು ಮಾಡುವುದು? ಅದಕ್ಕೂ ಮೆಕಾರ್ಥಿ ಅದೇ ಲೇಖನದಲ್ಲಿ ಉಪಾಯ ಹೇಳಿದ್ದರು: ಜಾಗ ಮುಗಿದಾಗ, ಹೆಸರುಗಳಿಂದ ಹೊರಟು ತಲುಪಲಾಗದ ಕೋಶಗಳನ್ನು ಹುಡುಕಿ ವಾಪಸ್ ತೆಗೆದುಕೊಳ್ಳುವುದು. ಇವತ್ತು ಇದನ್ನು ಗಾರ್ಬೇಜ್ ಕಲೆಕ್ಷನ್ ಅನ್ನುತ್ತೇವೆ. ಅದೇ 1960ರಲ್ಲಿ ಜಾರ್ಜ್ ಕಾಲಿನ್ಸ್ ಇನ್ನೊಂದು ದಾರಿ ತೋರಿಸಿದರು: ಪ್ರತಿ ವಸ್ತುವಿಗೂ ಎಷ್ಟು ಕಡೆಯಿಂದ ಕೊಂಡಿ ಇದೆ ಅಂತ ಎಣಿಸುತ್ತಿರಿ, ಎಣಿಕೆ ಸೊನ್ನೆಗೆ ಬಂದರೆ ಎತ್ತಿ ಬಿಸಾಕಿ.

ಹೀಗೆ ಮೊದಲ ಕೆಲವೇ ವರ್ಷಗಳಲ್ಲಿ ಎರಡು ಮನೆತನಗಳಾದವು. ಕೆತ್ತಿದ ಹೆಸರಿನವರು ಒಂದು ಕಡೆ, ಚೀಟಿಯವರು ಇನ್ನೊಂದು ಕಡೆ.

ಇವೆರಡನ್ನೂ ಒಟ್ಟಿಗೆ ಮುಂದಿಟ್ಟು ಮಾತಾಡಲು ಬೇಕಾದ ಪದಗಳನ್ನು ಹರಡಿದವರು ಬ್ರಿಟನ್ನಿನ ಕ್ರಿಸ್ಟೋಫರ್ ಸ್ಟ್ರೇಚಿ. 1967ರ ಆಗಸ್ಟಿನಲ್ಲಿ ಕೋಪನ್‌ಹೇಗನ್‌ನಲ್ಲಿ ಒಂದು ಬೇಸಿಗೆ ಶಿಬಿರ. ಅಲ್ಲಿ ಅವರು ಹೇಳಿದ್ದು: = ಚಿಹ್ನೆಯ ಎಡಗಡೆ ಬರುವ ಹೆಸರಿಗೂ ಬಲಗಡೆ ಬರುವ ಅದೇ ಹೆಸರಿಗೂ ಅರ್ಥ ಬೇರೆ. ಎಡಗಡೆ ಅದು ಜಾಗ, ಬಲಗಡೆ ಅದು ಬೆಲೆ. ಎಲ್-ವ್ಯಾಲ್ಯೂ, ಆರ್-ವ್ಯಾಲ್ಯೂ ಅಂತ ಇವತ್ತಿಗೂ ಕಂಪೈಲರ್‌ಗಳು ನಮ್ಮನ್ನು ಬೈಯುವಾಗ ಬಳಸುವ ಪದಗಳು ಇವೇ. ಎರಡು ಹೆಸರುಗಳು ಒಂದೇ ಜಾಗವನ್ನು ಹಂಚಿಕೊಂಡರೆ ಏನಾಗುತ್ತದೆ ಅನ್ನುವುದನ್ನೂ ಸ್ಟ್ರೇಚಿ ಅಲ್ಲೇ ಬಿಡಿಸಿ ಹೇಳಿದ್ದರು. ಆ ಉಪನ್ಯಾಸದ ಟಿಪ್ಪಣಿ ಕೈಯಿಂದ ಕೈಗೆ ಓಡಾಡಿ ಪ್ರಸಿದ್ಧವಾಯಿತು. ಪತ್ರಿಕೆಯಲ್ಲಿ ಅಚ್ಚಾದದ್ದು ಮಾತ್ರ 2000ರಲ್ಲಿ. ಅಷ್ಟರಲ್ಲಿ ಸ್ಟ್ರೇಚಿ ತೀರಿಕೊಂಡು 25 ವರ್ಷವಾಗಿತ್ತು.

ಈ ಹಂಚಿಕೆ ಎಲ್ಲರಿಗೂ ಇಷ್ಟವಾಗಿರಲಿಲ್ಲ. ಟೋನಿ ಹೋರ್ 1973ರಲ್ಲಿ ಭಾಷೆಗಳ ವಿನ್ಯಾಸದ ಬಗ್ಗೆ ಬರೆಯುತ್ತಾ, ಮೇಲ್ಮಟ್ಟದ ಭಾಷೆಗಳೊಳಗೆ ರೆಫರೆನ್ಸುಗಳನ್ನು ಬಿಟ್ಟುಕೊಂಡದ್ದು ಹಿಂದಕ್ಕಿಟ್ಟ ಹೆಜ್ಜೆ ಅಂತ ಕಟುವಾಗಿಯೇ ಹೇಳಿದರು. ಪ್ರೋಗ್ರಾಮಿನ ಒಂದು ಮೂಲೆಯಲ್ಲಿ ಮಾಡಿದ ಬದಲಾವಣೆ ಇನ್ಯಾವ ಮೂಲೆಯಲ್ಲಿ ಕಾಣಿಸುತ್ತದೋ ಅಂತ ಓದುವವರಿಗೆ ಗೊತ್ತಾಗದೇ ಹೋಗುತ್ತದೆ ಅನ್ನುವುದು ಆತಂಕ. ನಮ್ಮ ಹುಡುಗಿಯ "ಹೆಂಗಕ್ಕಾ ಬದಲಾಗತ್ತೆ?" ಅನ್ನುವ ಪ್ರಶ್ನೆಯ ಹಿಂದಿರುವುದೂ ಇದೇ ಆತಂಕ.

ಲಿಸ್ಕೋವ್ ಬಿಡಿಸಿದ ಗಂಟು

1970ರ ದಶಕದಲ್ಲಿ ಎಂಐಟಿಯಲ್ಲಿ ಬಾರ್ಬರಾ ಲಿಸ್ಕೋವ್ ಮತ್ತು ಅವರ ವಿದ್ಯಾರ್ಥಿಗಳು ಕ್ಲೂ ಅನ್ನುವ ಭಾಷೆ ಮಾಡಿದರು. ಅದನ್ನು ಇವತ್ತು ಬಳಸುವವರಿಲ್ಲ. ಆದರೆ ಪೈಥಾನ್ ಬರೆಯುವ ಪ್ರತಿಯೊಬ್ಬರೂ ಗೊತ್ತಿಲ್ಲದೆಯೇ ಅದರ ಚಿತ್ರದೊಳಗೆ ಬದುಕುತ್ತಿದ್ದಾರೆ.

ಕ್ಲೂ ಹೇಳುವುದು ಇಷ್ಟು. ವಸ್ತುಗಳು ತಮ್ಮಷ್ಟಕ್ಕೆ ತಾವು ಒಂದು ಲೋಕದಲ್ಲಿವೆ. ವೇರಿಯಬಲ್‌ಗಳು ವಸ್ತುಗಳನ್ನು ಒಳಗಿಟ್ಟುಕೊಳ್ಳುವುದಿಲ್ಲ, ಅವುಗಳ ಕಡೆ ಬೆರಳು ತೋರಿಸುತ್ತವೆ. ವಸ್ತುಗಳಲ್ಲಿ ಎರಡು ಜಾತಿ: ಒಳಗೆ ಬದಲಾಗಬಲ್ಲವು, ಎಂದಿಗೂ ಬದಲಾಗದವು. ಫಂಕ್ಷನ್‌ಗೆ ಏನಾದರೂ ಕೊಟ್ಟರೆ ನಕಲೂ ಹೋಗುವುದಿಲ್ಲ, ವೇರಿಯಬಲ್ಲಿನ ವಿಳಾಸವೂ ಹೋಗುವುದಿಲ್ಲ. ಕರೆದವರೂ ಕರೆಸಿಕೊಂಡವರೂ ಅದೇ ವಸ್ತುವನ್ನು ಹಂಚಿಕೊಳ್ಳುತ್ತಾರೆ. ಲಿಸ್ಕೋವ್ ತಂಡ ಇದಕ್ಕೆ "ಕಾಲ್ ಬೈ ಶೇರಿಂಗ್" ಅಂತ ಹೆಸರಿಟ್ಟಿತು. ಪೈಥಾನ್ ಇಂಟರ್ವ್ಯೂಗಳಲ್ಲಿ "ಕಾಲ್ ಬೈ ವ್ಯಾಲ್ಯೂನಾ, ಕಾಲ್ ಬೈ ರೆಫರೆನ್ಸಾ?" ಅಂತ ಕೇಳಿ ಗೋಳು ಹೊಯ್ದುಕೊಳ್ಳುತ್ತಾರಲ್ಲ, ಅದಕ್ಕೆ ಸರಿಯಾದ ಉತ್ತರ ಈ ಮೂರನೆಯದು. ಲಿಸ್ಕೋವ್ ಅವರಿಗೆ 2008ರ ಟ್ಯೂರಿಂಗ್ ಪ್ರಶಸ್ತಿ ಬಂತು.

ಮನೆಮಾತಿನಲ್ಲಿ ಹೇಳುವುದಾದರೆ, ಇದು ಬ್ಯಾಂಕಿನ ಜಾಯಿಂಟ್ ಅಕೌಂಟು. ಎಂಐಟಿಯ ಏಬಲ್‌ಸನ್ ಮತ್ತು ಸಸ್‌ಮನ್ ಬರೆದ 1985ರ ಹೆಸರಾಂತ ಪಠ್ಯಪುಸ್ತಕದಲ್ಲಿ ಇರುವ ಉದಾಹರಣೆಯೂ ಇದೇ. ಪೀಟರ್ ಮತ್ತು ಪಾಲ್ ಇಬ್ಬರಿಗೂ 100 ಡಾಲರಿನ ಬೇರೆಬೇರೆ ಖಾತೆ ಇರುವುದು ಒಂದು. ಇಬ್ಬರದೂ ಸೇರಿ 100 ಡಾಲರಿನ ಒಂದೇ ಖಾತೆ ಇರುವುದು ಇನ್ನೊಂದು. ಪಾಸ್‌ಬುಕ್ ನೋಡಿದರೆ ಎರಡರಲ್ಲೂ 100 ಅಂತಲೇ ಕಾಣುತ್ತದೆ. ಯಾರಾದರೊಬ್ಬರು ದುಡ್ಡು ತೆಗೆದಾಗಲೇ ವ್ಯತ್ಯಾಸ ಗೊತ್ತಾಗುವುದು. ಆ ಪುಸ್ತಕ ಒಂದು ಹೆಸರಿನ ಬೆಲೆಯನ್ನು ಆಮೇಲೆ ಬದಲಿಸಬಹುದು ಅನ್ನುವ ವಿಷಯವನ್ನೇ ಮೂರನೇ ಅಧ್ಯಾಯದವರೆಗೆ ಮುಂದೂಡಿತ್ತು. ಬದಲಾವಣೆ ಬಂದ ತಕ್ಷಣ "ಇದು ಅದೇನಾ, ಅದರ ಹಾಗೇ ಇರುವ ಇನ್ನೊಂದಾ?" ಅನ್ನುವ ಪ್ರಶ್ನೆಯೂ ಬರುತ್ತದೆ, ಆ ಪ್ರಶ್ನೆ ಸುಲಭದ್ದಲ್ಲ ಅಂತ ಬರೆದವರಿಗೆ ಗೊತ್ತಿತ್ತು. ನಾವೀಗ ಅದನ್ನು ಮೂರನೇ ವಾರದಲ್ಲಿ, ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತೇವೆ.

ಆಮ್‌ಸ್ಟರ್‌ಡ್ಯಾಮಿನ ಕ್ರಿಸ್ಮಸ್ ರಜೆ

ಪೈಥಾನ್ ಹುಟ್ಟಿದ್ದು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯೂಐ ಅನ್ನುವ ಸಂಶೋಧನಾ ಸಂಸ್ಥೆಯಲ್ಲಿ. ಅದಕ್ಕೆ ಮುಂಚೆ ಅಲ್ಲಿ ಎಬಿಸಿ ಅನ್ನುವ ಭಾಷೆ ಇತ್ತು. ಲೆಯೋ ಗರ್ಟ್ಸ್, ಲ್ಯಾಂಬರ್ಟ್ ಮೇರ್ಟೆನ್ಸ್ ಮತ್ತು ಸ್ಟೀವನ್ ಪೆಂಬರ್ಟನ್ ಅದನ್ನು ರೂಪಿಸಿದ್ದು ಪ್ರೋಗ್ರಾಮರ್‌ಗಳಲ್ಲದವರಿಗೂ ಕಲಿಯಲು ಸುಲಭವಾಗಲಿ ಅಂತ. ಎಬಿಸಿಯಲ್ಲಿ = ಬಳಸಿ ಬೆಲೆ ಕೊಡುವ ಪದ್ಧತಿಯೇ ಇರಲಿಲ್ಲ. "ಇದನ್ನು ಅದರಲ್ಲಿ ಇಡು" ಅನ್ನುವ ಅರ್ಥದ ಇಂಗ್ಲಿಷ್ ಪದಗಳನ್ನೇ ಬರೆಯಬೇಕಿತ್ತು. ಇಟ್ಟ ಮೇಲೆ ಅದು ಬೇರೆಯದೇ. ಪಟ್ಟಿಯನ್ನೇ ಇಟ್ಟರೂ ಅಷ್ಟೇ: ನಾಳೆಯದನ್ನು ಬದಲಿಸಿದರೆ ಇವತ್ತಿನ ತಿಂಡಿ ಹಾಗೇ ಇರುತ್ತಿತ್ತು. ಅಂದರೆ ನಮ್ಮ ಹುಡುಗಿ ಎಬಿಸಿ ಪರೀಕ್ಷೆ ಬರೆದಿದ್ದರೆ ಪಾಸು!

ಎಬಿಸಿ ತಂಡದಲ್ಲಿ ಕೆಲಸ ಮಾಡಿದ್ದ ಗೀಡೋ ವಾನ್ ರಾಸಮ್ 1989ರ ಡಿಸೆಂಬರಿನಲ್ಲಿ, ಕ್ರಿಸ್ಮಸ್ ರಜೆಯ ಹವ್ಯಾಸಕ್ಕೆ ಅಂತ ಒಂದು ಹೊಸ ಭಾಷೆ ಶುರುಮಾಡಿದರು. 1991ರ ಫೆಬ್ರವರಿಯಲ್ಲಿ 0.9.0 ಹೊರಬಂತು. ಎಬಿಸಿಯಿಂದ ಎಷ್ಟೋ ಒಳ್ಳೆಯದನ್ನು ಎತ್ತಿಕೊಂಡ ಪೈಥಾನ್ (ಸಾಲಿನ ಮುಂದಿನ ಖಾಲಿ ಜಾಗಕ್ಕೆ ಅರ್ಥ ಕೊಡುವುದೂ ಅಲ್ಲಿಂದಲೇ ಬಂದದ್ದು) ಈ ಒಂದು ವಿಷಯದಲ್ಲಿ ತಾಯಿಮನೆ ಬಿಟ್ಟು ಲಿಸ್ಪ್ ಮತ್ತು ಕ್ಲೂ ಕಡೆಯ ದಾರಿ ಹಿಡಿಯಿತು. ಎಲ್ಲವೂ ವಸ್ತು, ಎಲ್ಲ ಹೆಸರೂ ಚೀಟಿ. ಮಾಮೂಲಿ ಪೈಥಾನಿನಲ್ಲಿ ಪ್ರತಿ ವಸ್ತುವೂ ತನಗೆಷ್ಟು ಕೊಂಡಿ ಇವೆ ಅಂತ ಕಾಲಿನ್ಸ್ ಹೇಳಿದ ಹಾಗೆ ಎಣಿಸಿಕೊಂಡಿರುತ್ತದೆ. ಒಂದನ್ನೊಂದು ಹಿಡಿದುಕೊಂಡು ಸುತ್ತು ಹಾಕಿರುವ ವಸ್ತುಗಳಲ್ಲಿ ಈ ಎಣಿಕೆ ಎಂದೂ ಸೊನ್ನೆಗೆ ಬರಲ್ಲ. ಅವನ್ನು ಹುಡುಕಿ ತೆಗೆಯುವ ವ್ಯವಸ್ಥೆ 2000ರಲ್ಲಿ, ಪೈಥಾನ್ 2.0ದಲ್ಲಿ ಸೇರಿತು.

ಈ ದಾರಿಗೆ ಲಾಭವಿದೆ. ಹತ್ತು ಲಕ್ಷ ಸಾಲಿನ ಪಟ್ಟಿಯನ್ನು ಫಂಕ್ಷನ್‌ಗೆ ಕೊಡುವಾಗ ನಕಲು ಮಾಡುವ ಖರ್ಚಿಲ್ಲ, ಚೀಟಿಯೊಂದು ಹೋದರೆ ಸಾಕು. ನಷ್ಟ ಕಾಣುವುದು = ಚಿಹ್ನೆಯಲ್ಲಿ. ಫೋರ್ಟ್ರಾನಿನಿಂದ ಸಿ ಭಾಷೆಯವರೆಗೆ "ಒಳಗಿಡು" ಅನ್ನುವ ಅರ್ಥ ಹೊತ್ತು ಬಂದಿದ್ದ ಅದೇ ಚಿಹ್ನೆ ಇಲ್ಲಿ ಎರಡು ಬೇರೆ ಕೆಲಸ ಮಾಡುತ್ತದೆ.

ನಾಳೆ = ತಿಂಡಿ ಅಂದರೆ: ತಿಂಡಿ ಅನ್ನುವ ಚೀಟಿ ಯಾವ ಪಾತ್ರೆಗೆ ಕಟ್ಟಿದೆಯೋ ಅದಕ್ಕೇ ನಾಳೆ ಅನ್ನುವ ಇನ್ನೊಂದು ಚೀಟಿ ಕಟ್ಟು.

ನಾಳೆ[0] = "ದೋಸೆ" ಅಂದರೆ: ನಾಳೆ ಅನ್ನುವ ಚೀಟಿ ಹಿಡಿದು ಹೋಗಿ, ಸಿಕ್ಕ ಪಾತ್ರೆಯ ಮುಚ್ಚಳ ತೆಗೆದು, ಮೊದಲನೆಯದನ್ನು ಬದಲಿಸು.

ಮೊದಲನೆಯದು ಚೀಟಿಯ ಕೆಲಸ, ಎರಡನೆಯದು ಪಾತ್ರೆಯ ಕೆಲಸ. ಎರಡಕ್ಕೂ ಒಂದೇ ಚಿಹ್ನೆ. ಹೊಸದಾಗಿ ಬಂದವರಿಗೆ ಗೊತ್ತಾಗುವುದಾದರೂ ಹೇಗೆ?

ಮೂರು ವಾರ ನಿಜವಾಗಿದ್ದ ಸುಳ್ಳು

"ಮತ್ತೆ ನಂಬರ್ ಹಾಕಿದ್ರೆ ಸರಿಯಾಗೇ ಬರತ್ತಲ್ಲಕ್ಕಾ" ಅಂದಳು. ಹೌದು. ಅ = 5, ಆಮೇಲೆ ಬ = ಅ, ಆಮೇಲೆ ಬ = 6. ಈಗಲೂ ಅ ಅಂದರೆ 5. ಡಬ್ಬಿಯ ಚಿತ್ರವೂ ಇದೇ ಉತ್ತರ ಕೊಡುತ್ತದೆ, ಚೀಟಿಯ ಚಿತ್ರವೂ ಇದೇ ಉತ್ತರ ಕೊಡುತ್ತದೆ. ಯಾಕೆಂದರೆ ಪೈಥಾನಿನಲ್ಲಿ ಅಂಕಿಗಳು, ಅಕ್ಷರಮಾಲೆಗಳು ಬದಲಾಗದ ಜಾತಿಯವು. 5ರ ಮುಚ್ಚಳ ತೆಗೆದು ಒಳಗೆ 6 ಮಾಡಲು ಬರುವುದಿಲ್ಲ. ಚೀಟಿಯನ್ನು ಬಿಚ್ಚಿ ಬೇರೆ ಕಡೆ ಕಟ್ಟಬಹುದು, ಅಷ್ಟೆ.

ತೊಂದರೆ ಇರುವುದೇ ಇಲ್ಲಿ. ಕೋರ್ಸಿನ ಮೊದಲ ಮೂರು ವಾರ ಬರೀ ಅಂಕಿ ಮತ್ತು ಪದಗಳು. ಡಬ್ಬಿಯ ಚಿತ್ರ ಎಲ್ಲ ಲೆಕ್ಕದಲ್ಲೂ ಸರಿಯಾದ ಉತ್ತರ ಕೊಟ್ಟು ವಿಶ್ವಾಸ ಗಳಿಸುತ್ತದೆ. ನಾಲ್ಕನೇ ವಾರ ಪಟ್ಟಿ ಬರುತ್ತದೆ, ಚಿತ್ರ ಕೈಕೊಡುತ್ತದೆ. ಆಗ ಕಲಿಯುವವರು ಚಿತ್ರವನ್ನು ಅನುಮಾನಿಸುವುದಿಲ್ಲ. ತಮ್ಮನ್ನೇ ಅನುಮಾನಿಸುತ್ತಾರೆ.

ಇದನ್ನು ಅಧ್ಯಯನ ಮಾಡಿದವರಿದ್ದಾರೆ. ಬೆನೆಡಿಕ್ಟ್ ಡು ಬೂಲೇ 1986ರಲ್ಲಿ, ಪ್ರೋಗ್ರಾಮಿಂಗ್ ಕಲಿಯುವವರು ಎಲ್ಲೆಲ್ಲಿ ಎಡವುತ್ತಾರೆ ಅಂತ ಒಂದು ಲೇಖನ ಬರೆದರು. ಡಬ್ಬಿಯ ಹೋಲಿಕೆಯಿಂದಲೇ ಹುಟ್ಟುವ ತಪ್ಪುಗಳ ಪ್ರಸ್ತಾಪ ಅದರಲ್ಲಿದೆ. ಅವರ ಮುಖ್ಯ ಮಾತು: ಕಲಿಯುವವರಿಗೆ ಭಾಷೆಯ ಜೊತೆಗೆ ಅದು ಓಡುವ ಒಂದು ಕಾಲ್ಪನಿಕ ಯಂತ್ರವೂ ಬೇಕು. ನಿಜವಾದ ಚಿಪ್ಪಿನ ವಿವರ ಬೇಡ, ಆದರೆ ಮನಸ್ಸಿನಲ್ಲಿ ಓಡಿಸಿ ನೋಡಿದರೆ ಸರಿಯಾದ ಉತ್ತರ ಕೊಡುವ ಚಿತ್ರವೊಂದು ಬೇಕು. ನಮ್ಮ ನೋಟ್ಸಿನಲ್ಲಿರುವುದು ಫೋರ್ಟ್ರಾನಿನ ಯಂತ್ರ, ಓಡಿಸುತ್ತಿರುವುದು ಪೈಥಾನ್.

ಅಂಥ ಚಿತ್ರವನ್ನು ಪರದೆಯ ಮೇಲೇ ಬರೆದು ತೋರಿಸುವ ಪೈಥಾನ್ ಟ್ಯೂಟರ್ ಅನ್ನುವ ಸಾಧನವನ್ನು ಫಿಲಿಪ್ ಗುವೊ 2010ರಲ್ಲಿ ಮಾಡಿದರು. ಒಂದೊಂದೇ ಸಾಲು ಓಡುತ್ತಾ ಹೋದಂತೆ ಎಡಗಡೆ ಹೆಸರುಗಳು, ಬಲಗಡೆ ವಸ್ತುಗಳು, ನಡುವೆ ಬಾಣಗಳು. ನಾಲ್ಕು ವರ್ಷದ ನಂತರ ಅವರೇ ಎಣಿಸಿ ನೋಡಿದಾಗ, ಅಮೆರಿಕದ ಮುಂಚೂಣಿಯ 39 ಕಂಪ್ಯೂಟರ್ ವಿಭಾಗಗಳಲ್ಲಿ 27 ಕಡೆ ಆರಂಭಿಕ ಕೋರ್ಸುಗಳಲ್ಲಿ ಪೈಥಾನ್ ಬಳಕೆಯಲ್ಲಿತ್ತು. ಕಲಿಸುವ ಭಾಷೆ ಬದಲಾಗಿತ್ತು. ಬೋರ್ಡಿನ ಮೇಲಿನ ಚೌಕ ಬದಲಾಗಲು ಇನ್ನೂ ಸಮಯ ಹಿಡಿಯುತ್ತಿದೆ.

ನನ್ನ ಕಥೆಯೂ ಹೇಳಿದೆ

ತಂಗಿಯ ಮುಖ ಇನ್ನೂ ಸಪ್ಪಗೇ ಇತ್ತು. ಹಾಗಾಗಿ ಆಫೀಸಿನಲ್ಲೂ ಯಾರಿಗೂ ಪೂರ್ತಿ ಹೇಳದಿದ್ದ ಒಂದು ಕಥೆ ಹೇಳಿದೆ.

ನನ್ನ ಮೊದಲ ಕೆಲಸ, ಬೆಂಗಳೂರಿನ ಒಂದು ಪುಟ್ಟ ಕಂಪನಿಯಲ್ಲಿ. ಜನ ಫೋನಿನಲ್ಲಿ ಹೇಳಿದ ಸಾಮಾನಿನ ಪಟ್ಟಿ ಮಾಡುವ ಒಂದು ಫಂಕ್ಷನ್ ಬರೆದಿದ್ದೆ. ಪಟ್ಟಿ ಕೊಡದಿದ್ದರೆ ಖಾಲಿ ಪಟ್ಟಿಯಿಂದ ಶುರುಮಾಡಲಿ ಅಂತ, ಫಂಕ್ಷನ್ನಿನ ಮೊದಲ ಸಾಲಿನಲ್ಲೇ ಡಿಫಾಲ್ಟ್ ಬೆಲೆಯಾಗಿ [] ಹಾಕಿದ್ದೆ. ಪ್ರತಿ ಸಲ ಕರೆದಾಗಲೂ ಹೊಸ ಖಾಲಿ ಪಟ್ಟಿ ಸಿಗುತ್ತದೆ ಅಂದುಕೊಂಡಿದ್ದೆ. ಪೈಥಾನ್ ಆ ಡಿಫಾಲ್ಟ್ ಪಟ್ಟಿಯನ್ನು ಮಾಡುವುದು ಒಂದೇ ಸಲ, ಫಂಕ್ಷನ್ ಹುಟ್ಟುವಾಗ. ಆಮೇಲೆ ಬಂದವರೆಲ್ಲರಿಗೂ ಅದೇ ಪಾತ್ರೆ. ನನ್ನ ಟೆಸ್ಟುಗಳು ಫಂಕ್ಷನ್ನನ್ನು ಒಂದೊಂದೇ ಸಲ ಕರೆಯುತ್ತಿದ್ದವು, ಎಲ್ಲವೂ ಪಾಸಾಗಿದ್ದವು.

ಮೂರನೇ ದಿನ ಒಬ್ಬ ಹೆಂಗಸು ಫೋನ್ ಮಾಡಿದರು. ಅವರ ಬಿಲ್ಲಿನಲ್ಲಿ ಯಾರದೋ ಮಾತ್ರೆಗಳ ಹೆಸರು ಬಂದಿತ್ತು. ಎಂಥ ಮಾತ್ರೆಗಳು ಅಂದರೆ, ಅವುಗಳನ್ನು ತರಿಸಿಕೊಂಡವರು ತಮ್ಮ ಮನೆಯವರಿಗೂ ಹೇಳಿರಲಿಕ್ಕಿಲ್ಲ. ಆ ಇನ್ನೊಬ್ಬರು ಯಾರು ಅಂತ ಫೋನ್ ಮಾಡಿದವರಿಗೆ ಗೊತ್ತಾಗಲಿಲ್ಲ, ಸದ್ಯ. ಎರಡು ರಾತ್ರಿ ಕೂತು ಹುಡುಕಿದೆ. ಕೊನೆಗೆ ಸೀನಿಯರ್ ಒಬ್ಬರು ಬಂದು ನೋಡಿ, "ಅಯ್ಯೋ ಇದಾ, ಪೈಥಾನ್‌ನಲ್ಲಿ ಹಾಗೇ ಕಣ್ರೀ, ನೆನಪಿಟ್ಕೊಳ್ಳಿ" ಅಂದು ಹೋದರು. ನೆನಪಿಟ್ಟುಕೊಂಡೆ. ಯಾಕೆ ಹಾಗೆ ಅಂತ ಅರ್ಥವಾಗಿದ್ದು ವರ್ಷಗಳ ಮೇಲೆ, ಕ್ಲೂ ಬಗ್ಗೆ ಓದಿದಾಗ.

ಈ ಹಳ್ಳಕ್ಕೆ ಬಿದ್ದವರು ಎಷ್ಟು ಜನವೆಂದರೆ, ಭಾಷೆಯವರೇ ಒಂದು ಕಡೆ ಬೇಲಿ ಹಾಕಿದರು. 2018ರಲ್ಲಿ ಪೈಥಾನ್ 3.7ರಲ್ಲಿ ಬಂದ ಡೇಟಾಕ್ಲಾಸ್‌ಗಳಲ್ಲಿ, ಖಾಲಿ ಪಟ್ಟಿಯನ್ನು ಹಾಗೇ ಡಿಫಾಲ್ಟ್ ಆಗಿ ಕೊಟ್ಟರೆ ಪೈಥಾನ್ ಮುಂದೆ ಹೋಗುವುದೇ ಇಲ್ಲ, ಅಲ್ಲೇ ತಪ್ಪು ಅಂತ ನಿಲ್ಲಿಸುತ್ತದೆ. ಮಾಮೂಲಿ ಫಂಕ್ಷನ್‌ಗಳಲ್ಲಿ ಮಾತ್ರ ಹಳ್ಳ ಹಾಗೇ ಇದೆ. 2015ರಲ್ಲಿ 1.0 ಬಂದ ರಸ್ಟ್ ಭಾಷೆ ಇನ್ನೂ ಮುಂದೆ ಹೋಯಿತು. ಒಂದು ವಸ್ತುವನ್ನು ಏಕಕಾಲಕ್ಕೆ ಹಲವರು ನೋಡಬಹುದು, ಅಥವಾ ಒಬ್ಬರೇ ಬದಲಿಸಬಹುದು. ಎರಡೂ ಒಟ್ಟಿಗೆ ಬೇಕು ಅಂದರೆ ಕಂಪೈಲರ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ಹೋರ್ 1973ರಲ್ಲಿ ಪಟ್ಟ ಆತಂಕಕ್ಕೆ ಸಿಕ್ಕ ಒಂದು ಉತ್ತರ ಅದು.

ಚೌಕಾಬಾರ

ಕೊನೆಗೆ ಅವಳಿಗೊಂದು ಲೆಕ್ಕ ಕೊಟ್ಟೆ. ಚೌಕಾಬಾರದ ಮಣೆ ಮಾಡು, ಐದು ಸಾಲು, ಐದು ಮನೆ:

ಮಣೆ = [[0] * 5] * 5
ಮಣೆ[0][0] = 1

ಎಷ್ಟು ಮನೆಯಲ್ಲಿ 1 ಬರುತ್ತದೆ? ಕಂಪ್ಯೂಟರ್ ಮುಟ್ಟಬೇಡ, ಬರೆದು ಹೇಳು.

ಅವಳು ಚೌಕ ಬರೆಯಲು ಹೋದವಳು ನಿಲ್ಲಿಸಿದಳು. ಒಂದು ಕಡೆ ಮಣೆ ಅಂತ ಹೆಸರು ಬರೆದಳು. ಅದರಿಂದ ಬಾಣ, ಐದು ಜಾಗವಿರುವ ಒಂದು ಪಟ್ಟಿಗೆ. ಆ ಐದು ಜಾಗದಿಂದಲೂ ಬಾಣಗಳು. ನಾಲ್ಕನೇ ಬಾಣದ ಹೊತ್ತಿಗೆ ಪೆನ್ನು ನಿಂತಿತು. ಐದೂ ಬಾಣ ಒಂದೇ ಸಾಲಿಗೆ ಹೋಗುತ್ತಿದ್ದವು.

"ಐದು ಮನೆ" ಅಂದಳು. "ಸಾಲು ಇರೋದೇ ಒಂದು, ಐದು ಸಲ ಕಾಣಿಸ್ತಿದೆ ಅಷ್ಟೆ. ಪ್ರತಿ ಸಾಲಿನ ಮೊದಲನೇ ಮನೆನೂ 1."

ಒಳಗಿನ [0] * 5ರಲ್ಲಿ ಐದು ಸೊನ್ನೆಗಳೂ ಒಂದೇ ವಸ್ತು ಅಲ್ವಾ, ಅಲ್ಲಿ ಯಾಕೆ ತೊಂದರೆಯಿಲ್ಲ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೊನ್ನೆ ಮುಚ್ಚಳ ತೆಗೆಯಕ್ಕಾಗಲ್ವಲ್ಲ, ಬಾಣ ಮಾತ್ರ ಬದಲಾಗತ್ತೆ" ಅಂದಳು. ಹತ್ತು ವರ್ಷ ಅನುಭವ ಇರುವವರ ಇಂಟರ್ವ್ಯೂ ಮಾಡಿದ್ದೇನೆ. ಈ ಎರಡನೇ ಉತ್ತರ ಅವರಲ್ಲಿ ಬಹಳ ಜನರಿಂದ ಬಂದಿಲ್ಲ.

ಆಮೇಲೆ ತಾನಾಗಿಯೇ ತಿಂಡಿಯ ಪ್ರಶ್ನೆಗೆ ವಾಪಸ್ ಹೋದಳು. ಬೇರೆ ಪಾತ್ರೆಯೇ ಬೇಕಿದ್ದರೆ ಏನು ಬರೆಯಬೇಕು ಅಂತ ಕೇಳಿದಳು. ನಾಳೆ = ತಿಂಡಿ[:] ಅಂತ ತೋರಿಸಿದೆ. ಇದು ಮೇಲ್ಮಟ್ಟದ ನಕಲು, ಪಟ್ಟಿಯೊಳಗೆ ಪಟ್ಟಿ ಇದ್ದರೆ ಒಳಗಿನವು ಮತ್ತೆ ಹಂಚಿಕೆಯೇ, ಅದಕ್ಕೆ ಡೀಪ್‌ಕಾಪಿ ಅಂತ ಬೇರೆ ಇದೆ ಅಂದೆ. ಯಾಕೆ ಅಂತ ವಿವರಿಸಲು ಬಾಯಿ ತೆಗೆಯುವಷ್ಟರಲ್ಲಿ ಬಾಣ ಬರೆದು ತೋರಿಸಿಬಿಟ್ಟಳು.

ಬಿ.ಕಾಂ ವಿಷಯ ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಮಲಗುವ ಮುಂಚೆ ನೋಟ್ಸಿನ ಮೊದಲ ಪುಟ ತೆಗೆದಳು. ಆ ಚೌಕ, ಒಳಗಿನ 5. ಹೊಡೆದು ಹಾಕುತ್ತಾಳೇನೋ ಅಂದುಕೊಂಡೆ. ಹೊಡೆಯಲಿಲ್ಲ. ಚೌಕದ ಕೆಳಗೆ, ಹಳೇ ಫೋಟೋದ ಹಿಂದೆ ಬರೆಯುವ ಹಾಗೆ, ಚಿಕ್ಕದಾಗಿ 1957 ಅಂತ ಬರೆದು ಪುಸ್ತಕ ಮುಚ್ಚಿದಳು.